ಕಾಗೆ ಓಡಿಸುವ ಮೊಬೈಲು

ನಮ್ಮವರು ನನ್ನನ್ನು ನೋಡಲೆಂದು ಮೂಡುಬಿದಿರೆಗೆ ಬಂದ ದಿನ ನನ್ನನ್ನು ನೋಡಲೇ ಇಲ್ಲ. ನಮ್ಮ ಮನೆಯ ಚೆಂಬನ್ನು ನೋಡಿದರು.

ಬಿಸಿಲಲ್ಲಿ ಬಂದವರಿಗೆಂದು ಅಪ್ಪ ಬೆಲ್ಲ, ನೀರು ಇಟ್ಟಿದ್ದರು. ಇವರು ನೀರು ಕುಡಿದರು. ಆಮೇಲೆ ಖಾಲಿ ಚೆಂಬನ್ನು ಕಿವಿಯ ಹತ್ತಿರ ಹಿಡಿದು, ಬೆರಳ ಗೆಣ್ಣಿನಿಂದ ಟಣ್ ಎಂದು ಕುಟ್ಟಿ, ಕಣ್ಣು ಮುಚ್ಚಿ ಆಲಿಸಿದರು. "ಹಳೆಯ ಕಂಚು. ಒಡಕಿಲ್ಲ. ಪಾಸು," ಎಂದರು. ಅಪ್ಪನಿಗೆ ಭಾರಿ ಖುಷಿ. "ನಮ್ಮಲ್ಲಿ ಎಲ್ಲವೂ ಹಾಗೆಯೇ," ಎಂದರು. ಅಷ್ಟಕ್ಕೇ ಮದುವೆ ನಿಶ್ಚಯವಾಯಿತು. ಅವರು ಒಪ್ಪಿದ್ದು ನನ್ನನ್ನೋ ಚೆಂಬನ್ನೋ ಎಂಬ ಸಣ್ಣ ಸಂಶಯ ನನಗೆ ಬಹಳ ವರ್ಷ ಇತ್ತು. ಚೆಂಬನ್ನು ಅಪ್ಪ ಉಡುಗೊರೆಯಾಗಿ ಕಳಿಸಿಕೊಟ್ಟದ್ದರಿಂದ ಆ ಸಂಶಯ ಪರಿಹಾರವಾಗುವ ದಾರಿಯೇ ಇರಲಿಲ್ಲ.

ಬಂಟ್ವಾಳ ಪೇಟೆಯಲ್ಲಿ ಇವರದ್ದು ಪಾತ್ರೆ ಅಂಗಡಿ. ಪಾತ್ರೆಯವರಿಗೆ ಕಣ್ಣಿಗಿಂತ ಕಿವಿ ಮುಖ್ಯ. ಕಣ್ಣಿಗೆ ಕಾಣದ ಬಿರುಕು ಕುಟ್ಟಿದರೆ ಕೇಳುತ್ತದೆ. ಅದು ಸರಿ, ಒಪ್ಪುವ. ಆದರೆ ಇವರು ಕುಟ್ಟದೆ ಬಿಟ್ಟದ್ದು ಯಾವುದನ್ನು? ಹಲಸಿನಕಾಯಿ ಕುಟ್ಟಿದರು, ತೆಂಗಿನಕಾಯಿ ಕುಟ್ಟಿದರು, ಬಾಡಿಗೆಗೆ ಮನೆ ನೋಡಲು ಹೋದಲ್ಲಿ ಗೋಡೆ ಕುಟ್ಟಿದರು. ಮಗಳನ್ನು ಕೇಳಿಕೊಂಡು ಬೆಳ್ತಂಗಡಿಯಿಂದ ಬಂದ ಹುಡುಗನ ಬೆನ್ನನ್ನು ಎರಡು ಸಲ ತಟ್ಟಿದಾಗ ಆ ಕಡೆಯವರು ಅದನ್ನು ಪ್ರೀತಿ ಎಂದು ತಿಳಿದು ಕಣ್ಣು ಒದ್ದೆ ಮಾಡಿಕೊಂಡರು. ಇವರು ತಲೆ ಸ್ವಲ್ಪ ಓರೆ ಮಾಡಿ ಕೇಳಿಸಿಕೊಳ್ಳುತ್ತಿದ್ದದ್ದು ನನಗೆ ಮಾತ್ರ ಕಂಡಿತು. ಹುಡುಗ ಪಾಸಾದ.

ಇನ್ನು ನನ್ನ ವಿಷಯ. ನಾನು ಮಾತು ಕಡಿಮೆಯವಳು. ಎದುರಿಗೆ ಇದ್ದವರೊಡನೆ ಹೇಗೋ ನಡೆಯುತ್ತದೆ. ಫೋನಿನಲ್ಲಿ ಮಾತ್ರ ಆಗುವುದಿಲ್ಲ. ಮಗಳು ಮದುವೆಯಾಗಿ ಬೆಳ್ತಂಗಡಿಗೆ ಹೋದ ಮೇಲೆ ಅಂಗಡಿಯ ಫೋನಿಗೆ ಕರೆ ಮಾಡುತ್ತಿದ್ದಳು. ಇವರು ನನ್ನನ್ನು ಕರೆದುಕೊಂಡು ಹೋಗಿ ರಿಸೀವರನ್ನು ಕಿವಿಗೆ ಹಿಡಿಸುತ್ತಿದ್ದರು. "ಊಟ ಆಯ್ತಾ ಅಮ್ಮ?" ಎಂದು ಅವಳು ಕೇಳಿದರೆ ನಾನು ತಲೆಯಾಡಿಸುತ್ತಿದ್ದೆ. "ಹುಷಾರಿದ್ದೀಯಾ?" ಎಂದರೆ ಇನ್ನೊಮ್ಮೆ ತಲೆಯಾಡಿಸುತ್ತಿದ್ದೆ.

"ನೀನು ಇಲ್ಲಿ ಮಂಡೆ ಅಲ್ಲಾಡಿಸಿದರೆ ಬೆಳ್ತಂಗಡಿಗೆ ಕಾಣ್ತದಾ ಮಾರಾಯ್ತಿ?"

"ಅವಳಿಗೆ ಗೊತ್ತಾಗ್ತದೆ," ಎನ್ನುತ್ತಿದ್ದೆ.

"ಎಂತ ಗೊತ್ತಾಗ್ತದೆ? ಅವಳು ಅಲ್ಲಿ ಲೈನ್ ಹೋಯ್ತು ಅಂತ ಹಲೋ ಹಲೋ ಬಡ್ಕೊಳ್ತಾಳೆ."

ಕೊನೆಗೆ ರಿಸೀವರನ್ನು ಕಸಿದುಕೊಂಡು ಇವರೇ ಹೇಳುತ್ತಿದ್ದರು: "ಅಮ್ಮ ಊಟ ಆಯ್ತು ಅಂತ ಹೇಳ್ತಾಳೆ. ಹುಷಾರಿದ್ದೇನೆ ಅಂತ ಹೇಳ್ತಾಳೆ." ಹೀಗೆ ನನ್ನ ಮಾತುಗಳೆಲ್ಲ ಇವರ ಬಾಯಿಯಿಂದಲೇ ಮಗಳಿಗೆ ಹೋಗುತ್ತಿದ್ದವು. ನಾನು ಹೇಳದ ಮಾತುಗಳನ್ನೂ ಇವರು ಸೇರಿಸುತ್ತಿದ್ದರು. ಅಳಿಯನ ತಾಯಿಯ ಕೈರುಚಿಯನ್ನು ನಾನು ಒಂದು ಸಲವೂ ಹೊಗಳಿರಲಿಲ್ಲ. ಅಲ್ಲಿಗೆ ಹೋದಾಗ ಆಕೆ ನನ್ನನ್ನು ಅಪ್ಪಿಕೊಂಡದ್ದು ಯಾಕೆಂದು ಆಮೇಲೆ ತಿಳಿಯಿತು.

ಹೀಗೇ ನಡೆದುಹೋಗುತ್ತಿತ್ತು. ಆದರೆ ಒಂದು ದಿನ ಅಂಗಡಿಯ ಮೆಟ್ಟಿಲು ಹತ್ತುವಾಗ ಇವರಿಗೆ ಎದೆ ಹಿಡಿದ ಹಾಗಾಯಿತು. ಡಾಕ್ಟರರ ಹತ್ತಿರ ಹೋದೆವು. ಅವರು ಇವರ ಎದೆಯ ಮೇಲೆ ಬೆರಳಿಟ್ಟು ಇನ್ನೊಂದು ಬೆರಳಿನಿಂದ ಕುಟ್ಟಿ ಕುಟ್ಟಿ ನೋಡಿದರು. ಇವರ ಮುಖ ಅರಳಿತು ನೋಡಿ! ನಮ್ಮ ಜಾತಿಯವನೇ ಒಬ್ಬ ಸಿಕ್ಕಿದ ಎಂಬ ಹಾಗೆ.

"ಶಬ್ದ ಹೇಗುಂಟು ಡಾಕ್ಟ್ರೇ? ಒಡಕು ಉಂಟಾ?"

"ಸ್ವಲ್ಪ ಉಂಟು," ಎಂದರು ಡಾಕ್ಟರು. ಮದ್ದು ಬರೆದುಕೊಟ್ಟು ನನ್ನ ಕಡೆ ತಿರುಗಿ, ಏನಾದರೂ ಆದರೆ ತಡ ಮಾಡದೆ ಯಾರಿಗಾದರೂ ತಿಳಿಸಬೇಕು ಎಂದರು. ನಾನು ತಲೆಯಾಡಿಸಿದೆ.

ಮನೆಗೆ ಬಂದು ಇವರು ಚಪ್ಪಲಿ ಬಿಡುತ್ತಾ, "ನಾನು ಬಿದ್ದರೆ ನೀನು ಯಾರಿಗೆ ತಿಳಿಸ್ತಿ? ಗೋಡೆಗೆ ತಲೆಯಾಡಿಸ್ತಿಯಾ?" ಎಂದು ಕೇಳಿದರು. ಅಂದಿನಿಂದ ಇವರಿಗೆ ಒಂದೇ ಹಟ. ನಾನು ಫೋನಿನಲ್ಲಿ ಮಾತಾಡಬೇಕು.

ಆಗ ಅಳಿಯ ಹೊಸ ಮೊಬೈಲು ತೆಗೆದುಕೊಂಡಿದ್ದ. ಹಳೆಯದನ್ನು ಮಗಳು ಅಳಿಯನ ಜೊತೆ ಬಂದು ನಮಗೆ ಕೊಟ್ಟಳು. ಕಪ್ಪು ಬಣ್ಣ, ಸವೆದ ಗುಂಡಿಗಳು, ಬೆಂಕಿಪೊಟ್ಟಣದಷ್ಟು ಪರದೆ. ಇವರು ಅದನ್ನು ಕುಟ್ಟಿದರು ಎಂದು ಬೇರೆ ಹೇಳಬೇಕೇ? ಆಮೇಲೆ ಅಳಿಯನ ಹೊಸದನ್ನೂ ಕೇಳಿ ತೆಗೆದುಕೊಂಡು ಅಂಗಡಿಗೆ ಒಯ್ದು ತಕ್ಕಡಿಯಲ್ಲಿ ತೂಗಿದರು. ಅಳಿಯನ ಹೊಸ ಮೊಬೈಲಿಗಿಂತ ಇದೇ ಹೆಚ್ಚು ತೂಗಿತು. "ಪಾಪ, ಹುಡುಗನಿಗೆ ಮೋಸ ಆಯ್ತು. ತೂಕ ಇದ್ದದ್ದೇ ಮಾಲು," ಎಂದರು.

ಪಾತ್ರೆ ಅಂಗಡಿಯಲ್ಲಿ ಮೂರನೆಯ ಪರೀಕ್ಷೆಯೊಂದಿದೆ: ನೀರು. ಸೋರುತ್ತದೋ ಎಂದು ನೋಡದೆ ಇವರು ಒಂದು ಲೋಟವನ್ನೂ ಮಾರಿದವರಲ್ಲ. "ಮಳೆಗೆ ಒದ್ದೆ ಆಗಬಾರದು," ಎಂದು ಅಳಿಯ ಹೇಳಿಹೋದದ್ದೇ ತಪ್ಪಾಯಿತು. ಹಾಗಾದರೆ ನೀರು ಒಳಗೆ ಹೋಗುವುದು ಎಲ್ಲಿಂದ ಎಂದು ತಿಳಿಯುವುದು ಬೇಡವೇ? ಬಾಲ್ದಿಯಲ್ಲಿ ನೀರು ತುಂಬಿಸಿ ಮೊಬೈಲನ್ನು ಮುಳುಗಿಸಿ ಹಿಡಿದರು. ಸೈಕಲ್ಲಿನ ಟ್ಯೂಬಿನ ಪಂಕ್ಚರು ನೋಡುವವರ ಹಾಗೆ ಬಗ್ಗಿ ನೋಡಿದರು.

"ಗುಳ್ಳೆ ಬಂತು," ಎಂದರು ಗಂಭೀರವಾಗಿ. "ಸೋರ್ತದೆ. ಇದರಲ್ಲಿ ಫೇಲು."

ಮೊಬೈಲು ಸತ್ತಿತ್ತು.

ಅದು ಹಲಸಿನಕಾಯಿ ಹಪ್ಪಳದ ಕಾಲ. ಅಂಗಳದಲ್ಲಿ ಚಾಪೆ ಹಾಸಿ ಹಪ್ಪಳ ಒಣಗಿಸಿದ್ದೆ. ನಡುವಿನಲ್ಲಿ ಜಾಗ ಮಾಡಿ ಮೊಬೈಲನ್ನೂ ಬಿಸಿಲಿಗಿಟ್ಟರು. ಹಪ್ಪಳದ ಜೊತೆಗೆ ಅದನ್ನೂ ಮಗುಚಿ ಹಾಕುವ ಕೆಲಸ ನನ್ನದು. ಹಪ್ಪಳ ಗರಿಗರಿಯಾಗುವ ಹೊತ್ತಿಗೆ, ಆಶ್ಚರ್ಯ ನೋಡಿ, ಮೊಬೈಲಿಗೂ ಜೀವ ಬಂತು. ಹಪ್ಪಳ ತಿನ್ನಲು ಕಾಗೆಗಳು ಇಳಿದಿದ್ದವು. ಅದೇ ಗಳಿಗೆಗೆ ಮಗಳ ಕರೆ ಬಂತು. ಮೊಬೈಲು ಟ್ರೀಣ್ ಟ್ರೀಣ್ ಎಂದದ್ದೇ ತಡ, ಕಾಗೆಗಳು ದಿಕ್ಕಾಪಾಲು!

ಇವರು ಚಾವಡಿಯಿಂದ ಓಡಿಬಂದರು. ಮಗಳ ಕರೆ ಎತ್ತಲಿಕ್ಕೆ ಎಂದುಕೊಂಡಿರಾ? ಅಲ್ಲ. ನಿಂತು ಆಕಾಶ ನೋಡಿದರು. "ಇದರಲ್ಲಿ ಇಂಥದ್ದೂ ಉಂಟು ಅಂತ ಅಳಿಯ ಹೇಳಲೇ ಇಲ್ಲ," ಎಂದರು.

ಮಾರನೆಯ ದಿನದಿಂದ ಇವರು ಅಂಗಡಿಯಲ್ಲಿ ಕುಳಿತು ಮನೆಯ ಮೊಬೈಲಿಗೆ ಆಗಾಗ ಕರೆ ಮಾಡಿ ಕಾಗೆ ಓಡಿಸತೊಡಗಿದರು. ಎತ್ತದಿದ್ದರೆ ದುಡ್ಡಿಲ್ಲವಲ್ಲ. ಪಕ್ಕದ ಮನೆಯ ಝೊಹರಾ ಗೋಡೆಯ ಆಚೆ ಒಣಮೀನು ಹಾಕಿದ್ದಳು. ಅವಳ ಗಂಡ ಗಲ್ಫಿನಲ್ಲಿ. ಅವಳು ಫೋನು ಹಿಡಿದರೆ ಅನ್ನ ಬೆಂದು ತಣಿಯುವವರೆಗೆ ಮಾತಾಡುವವಳು. "ಅಕ್ಕಾ, ಆ ಕಾಗೆ ಫೋನನ್ನು ಸ್ವಲ್ಪ ಗೋಡೆ ಹತ್ರ ಇಡಿ. ನನ್ನ ಮೀನೂ ಉಳಿಯಲಿ," ಎಂದಳು.

ಆದರೆ ನಮ್ಮವರ ಮನಸ್ಸಿನಲ್ಲಿದ್ದದ್ದು ಹಪ್ಪಳವೂ ಅಲ್ಲ, ಮೀನೂ ಅಲ್ಲ. ಸಂಜೆ ಬಂದು ಕೇಳಿದರು: "ಇಷ್ಟು ಸಲ ಮಾಡಿದೆ. ಒಂದು ಸಲ ಎತ್ತಿ 'ಹಾಂ' ಅಂತ ಹೇಳಬಾರದಾ?"

"ಎತ್ತಿದರೆ ಶಬ್ದ ನಿಲ್ತದಲ್ಲ. ಶಬ್ದ ನಿಂತರೆ ಕಾಗೆ ಬರ್ತದೆ."

ಝೊಹರಾ ಗೋಡೆಯ ಆಚೆಯಿಂದ, "ಅಕ್ಕ ಹೇಳಿದ್ದು ಸರಿ ಉಂಟು ಅಣ್ಣ," ಎಂದಳು.

ಬಂಟ್ವಾಳದ ಕಾಗೆಗಳನ್ನು ಮಾತ್ರ ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕೆಲವೇ ದಿನಗಳಲ್ಲಿ ಅವು ಈ ಶಬ್ದಕ್ಕೆ ಹೆದರುವುದನ್ನು ಬಿಟ್ಟವು. ಅಷ್ಟೇ ಅಲ್ಲ, ಮೊಬೈಲು ಹೊಡೆದುಕೊಂಡರೆ ಕೆಳಗೆ ಹಪ್ಪಳ ಉಂಟು ಎಂದು ಅರ್ಥ ಮಾಡಿಕೊಂಡು ಎಲ್ಲೆಲ್ಲಿಂದಲೋ ಬಂಧುಬಳಗದೊಡನೆ ಬರತೊಡಗಿದವು. ಇವರು ಅಂಗಡಿಯಿಂದ ಶ್ರದ್ಧೆಯಿಂದ ಕಾಗೆಗಳನ್ನು ಊಟಕ್ಕೆ ಕರೆಯುತ್ತಿದ್ದರು!

"ಕಾಗೆಗೆ ಸಹ ಫೋನು ಬಂತು," ಎಂದರು ಇವರು ಖಾಲಿ ಚಾಪೆ ನೋಡಿ. "ನಿನಗೆ ಬರಲಿಲ್ಲ."

ಆಮೇಲೆ ಪಾಠ ಶುರುವಾಯಿತು. ನಮ್ಮ ಮನೆಯೊಳಗೆ ರೇಂಜ್ ಇರಲಿಲ್ಲ. ಅಂಗಳದಲ್ಲಿ ಮತ್ತು ಚಾವಡಿಯ ಕಿಟಕಿಯ ಹತ್ತಿರ ಮಾತ್ರ ಸಿಗುತ್ತಿತ್ತು. ಆ ಕಿಟಕಿಯಲ್ಲಿ ಒಂದು ಕಂಚಿನ ಬಟ್ಟಲು ಇಟ್ಟು ಅದರೊಳಗೆ ಮೊಬೈಲು ಇಟ್ಟರು. ಹೊಡೆದುಕೊಂಡರೆ ಬಾವಿಕಟ್ಟೆಗೂ ಕೇಳುವಷ್ಟು ಗಣಗಣ. ಹೊಸಬರು ಯಾರಾದರೂ ಬಂದಿದ್ದರೆ ಪೂಜೆ ಶುರುವಾಯಿತೆಂದು ಎದ್ದು ನಿಲ್ಲುತ್ತಿದ್ದರು.

"ನೋಡು, ಎರಡನೇ ಗುಂಡಿ ಒತ್ತಿ ಹಿಡಿದರೆ ಮಗಳು."

"ಒಂದನೆಯದು ಒತ್ತಿದರೆ?"

"ಅಲ್ಲಿ ಯಾರೋ ಹೆಂಗಸು ಇಂಗ್ಲಿಷಿನಲ್ಲಿ ಮಾತಾಡ್ತಾಳೆ. ಅವಳ ಸಹವಾಸ ನಮಗೆ ಬೇಡ."

ಒತ್ತುವುದನ್ನು ಕಲಿತೆ. ಮಾತು ಬರಲಿಲ್ಲ. ಆಚೆಯಿಂದ ಮಗಳು "ಹೇಳಿ ಅಪ್ಪ" ಎಂದ ಕೂಡಲೇ ನಾನು ಬಿಸಿ ಪಾತ್ರೆ ಮುಟ್ಟಿದವಳ ಹಾಗೆ ಮೊಬೈಲನ್ನು ಇವರ ಕೈಗೆ ಹಾಕುತ್ತಿದ್ದೆ. ಇವರು ಸೋಲುವವರೇ? ಒಂದು ಭಾನುವಾರ ಚಾವಡಿಯಲ್ಲಿ ಅಂಗಾತ ಮಲಗಿ ಕೈಕಾಲು ಚಾಚಿದರು.

"ನಾನು ಬಿದ್ದೆ ಅಂತ ಲೆಕ್ಕ. ಈಗ ನೀನು ಎಂತ ಮಾಡ್ತಿ?"

"ನೀರು ತರ್ತೇನೆ."

"ನೀರು ಬೇಡ ಮಾರಾಯ್ತಿ. ಫೋನು, ಫೋನು."

"ಒಲೆಯ ಮೇಲೆ ಹಾಲು ಉಂಟು. ಉಕ್ಕುತ್ತದೆ. ಸ್ವಲ್ಪ ಹಾಗೆಯೇ ಬಿದ್ದಿರಿ."

ನಾನು ಹಾಲು ಇಳಿಸಲು ಹೋದೆ. ಅಷ್ಟರಲ್ಲಿ ಮಜ್ಜಿಗೆ ಕೇಳಲು ಬಂದ ಝೊಹರಾ ಇವರನ್ನು ಕಂಡು ಕಿರುಚಿದಳು. ಆ ದನಿಗೆ ಮೊಬೈಲಿನ ಅಗತ್ಯವೇ ಇರಲಿಲ್ಲ. ಓಣಿಗೆ ಓಣಿಯೇ ಸೇರಿತು. ಯಾರೋ ಆಟೋ ತಂದರು. ಇವರು ಎದ್ದು ಕುಳಿತು, "ಎಂತ ಗಲಾಟೆ ಇದು? ಪ್ರಾಕ್ಟೀಸ್ ಮಾಡ್ಲಿಕ್ಕೂ ಬಿಡುವುದಿಲ್ವಾ?" ಎಂದು ಎಲ್ಲರಿಗೂ ಬೈದರು. ಆಟೋದವನು ಕುತ್ತಿಗೆ ತುರಿಸಿಕೊಂಡು ನಿಂತಿದ್ದ. ಅವನನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅದೇ ಆಟೋದಲ್ಲಿ ಕುಳಿತು ಪೇಟೆಗೆ ಹೋಗಿ ತರಕಾರಿ ತಂದರು.

"ಅಕ್ಕಾ," ಎಂದಳು ಝೊಹರಾ, ಮಜ್ಜಿಗೆ ಪಾತ್ರೆ ಹಿಡಿದುಕೊಂಡು. "ಒಂದು ಹಲೋ ಹೇಳಿದರೆ ನಾಲಗೆ ಸವೆದು ಹೋಗ್ತದಾ? ಅಣ್ಣ ಸುಮ್ಮನೆ ಸಾಯುವುದಾದರೂ ತಪ್ಪುತ್ತಿತ್ತು."

ಕೆಲವು ವರ್ಷಗಳಲ್ಲಿ ಎಲ್ಲರ ಕೈಯಲ್ಲೂ ಬಣ್ಣದ ಮೊಬೈಲು ಬಂತು. ಮಗಳೂ ಮಗುವನ್ನು ಎತ್ತಿಕೊಂಡು ಬಂದಾಗ ನಮಗೊಂದು ತಂದಳು. ಅದರಲ್ಲಿ ಫೋಟೋ ಬರುತ್ತದೆ, ಹಾಡು ಬರುತ್ತದೆ, ಸಾಲದ್ದಕ್ಕೆ ರೇಡಿಯೋ. ಇವರು ಬೆರಳ ಗೆಣ್ಣಿನಿಂದ ಕುಟ್ಟಿದರು. ಮುಖ ಸಿಂಡರಿಸಿದರು.

"ಪೊಟ್ಟು ಶಬ್ದ. ಪ್ಲಾಸ್ಟಿಕ್ ಚಮಚದ ಹಾಗೆ. ಫೇಲು."

"ಅಪ್ಪ, ಹಳೆಯದರಲ್ಲಿ ಎಂತ ಉಂಟು ಅಂತ ಹಿಡ್ಕೊಂಡಿದ್ದೀರಿ? ಬೆಳಗ್ಗೆ ಚಾರ್ಜಿಗೆ ಇಟ್ಟರೆ ಮಧ್ಯಾಹ್ನ ಸಾಯ್ತದೆ. ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಹಾಕಿದ್ದೀರಿ."

"ಇದರ ಎರಡನೇ ಗುಂಡಿ ಎಲ್ಲಿ ಉಂಟು ಅಂತ ನಿನ್ನ ಅಮ್ಮನ ಬೆರಳಿಗೆ ಗೊತ್ತುಂಟು. ಕಣ್ಣು ಮುಚ್ಚಿ ಒತ್ತುತ್ತಾಳೆ. ಹೊಸದು ಕೊಟ್ಟರೆ ಪುನಃ ಮೊದಲಿಂದ ಶುರು."

ಮಗಳು ನಕ್ಕಳು. "ಒತ್ತಿ ಎಂತ ಮಾಡುವುದು ಅಪ್ಪ? ಮಾತಾಡುವುದಿಲ್ಲವಲ್ಲ. ಅಮ್ಮನ ದನಿ ನಾನು ಫೋನಿನಲ್ಲಿ ಒಂದು ದಿನವೂ ಕೇಳಲಿಲ್ಲ."

"ಮಾತಾಡ್ತಾಳೆ," ಎಂದರು ಇವರು.

"ಯಾವಾಗ?"

"ಬೇಕಾದಾಗ ಮಾತಾಡ್ತಾಳೆ. ನೀನು ಆ ಬಣ್ಣದ್ದನ್ನು ತಗೊಂಡು ಹೋಗು."

ಮಗಳು ತೆಗೆದುಕೊಂಡು ಹೋದಳು. ಇವರು ಹಳೆಯದಕ್ಕೆ ಹೊಸ ರಬ್ಬರ್ ಬ್ಯಾಂಡ್ ಹಾಕಿದರು.

ಆ ವರ್ಷದ ಮಳೆ ನಿಂತ ಮೇಲೆ ಒಂದು ಮಧ್ಯಾಹ್ನ ಊಟ ಮಾಡಿ, ಸಾರಿಗೆ ಉಪ್ಪು ಒಂದು ಕಲ್ಲು ಹೆಚ್ಚಾಯಿತು ಎಂದು ಹೇಳಿ, ಒಳಗಿನ ಕೋಣೆಯಲ್ಲಿ ಮಲಗಿದರು. ಚಾ ಮಾಡಿ ಕರೆದೆ. ಏಳಲಿಲ್ಲ. ಚಾ ಲೋಟ ಕೆಳಗಿಟ್ಟು ಕೈ ಮುಟ್ಟಿದೆ. ತಣ್ಣಗಿತ್ತು. ಎದ್ದು ಚಾವಡಿಯ ಕಿಟಕಿಗೆ ಹೋಗಿ ಇವರು ಊಟಕ್ಕೆ ಮುಂಚೆ ಚಾರ್ಜು ಮಾಡಿ ಇಟ್ಟಿದ್ದ ಮೊಬೈಲು ತೆಗೆದುಕೊಂಡು ಎರಡನೇ ಗುಂಡಿ ಒತ್ತಿ ಹಿಡಿದೆ.

"ಹೇಳಿ ಅಪ್ಪ," ಎಂದಳು ಮಗಳು.

"ಮಗಳೇ, ನಾನು," ಎಂದೆ.

ಅವಳು ಏನಾಯಿತು ಎಂದು ಕೇಳಲಿಲ್ಲ. ನಾನೂ ಹೇಳಬೇಕಾಗಲಿಲ್ಲ. ನನ್ನ ದನಿ ಕೇಳಿದ್ದೇ ಅವಳಿಗೆ ಸುದ್ದಿಯಾಯಿತು. "ಅಮ್ಮಾ" ಎಂದಷ್ಟೇ ಹೇಳಿ ಅಳತೊಡಗಿದಳು.

ನಾನು ಮಾತಾಡಿದೆ. ನಿದ್ದೆಯಲ್ಲಿಯೇ ಹೋದರು, ನೋವಾದ ಹಾಗೆ ಕಾಣಲಿಲ್ಲ ಎಂದೆ. ಮಗುವಿಗೆ ಉಣ್ಣಿಸಿಯೇ ಹೊರಡು, ಬಸ್ಸಿಗೆ ಕಾಯಬೇಡ, ಗಂಡನಿಗೆ ವಾಹನ ಮಾಡಲು ಹೇಳು ಎಂದೆ. ದಾರಿಯಲ್ಲಿ ಅಳುತ್ತಾ ಬರಬೇಡ, ಮಗು ಹೆದರುತ್ತದೆ ಎಂದೆ. ಮೂಡುಬಿದಿರೆಯ ತವರಿಗೆ ನಾನೇ ಹೇಳುತ್ತೇನೆ ಎಂದೆ. ಬೆಳಗ್ಗೆ ಏನು ತಿಂದರು, ಏನು ಹೇಳಿ ನಗಿಸಿದರು, ಎಲ್ಲ ಹೇಳಿದೆ. ನನ್ನಲ್ಲಿ ಅಷ್ಟು ಮಾತು ಇತ್ತೆಂದು ನನಗೇ ಗೊತ್ತಿರಲಿಲ್ಲ.

ಇವರು ಮಲಗಿದ್ದ ಒಳಗಿನ ಕೋಣೆಯ ಬಾಗಿಲು ತೆರೆದಿತ್ತು. ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ.