ನಮ್ಮ ಗಾಡಿಯ ಕರೆಂಟು

ದೊಡ್ಡಬಳ್ಳಾಪುರದಲ್ಲಿ ನಮ್ಮದು ನಾಲ್ಕು ತಲೆಮಾರಿನ ಮನೆ. ಮುತ್ತಾತ ಶಾನುಭೋಗರು. ತಾತ ಊರಿಗೆ ಬಾವಿ ತೋಡಿಸಿ, ಅದರ ಮೇಲೆ ತಮ್ಮ ಹೆಸರು ಕೆತ್ತಿಸುವುದು ಬೇಡ ಎಂದವರು. ನಮ್ಮ ಬೀದಿಯಲ್ಲಿ ಮೊದಲ ವಿದ್ಯುದ್ದೀಪ ಹತ್ತಿದ್ದು ನಮ್ಮ ತಂದೆಯವರ ಜಗುಲಿಯಲ್ಲಿ. ನೋಡಲು ಬಂದವರಿಗೆಲ್ಲ ಅಮ್ಮ ಪಾನಕ ಕೊಟ್ಟಿದ್ದರು. ನಾನು ಕಾನ್ವೆಂಟಿನಲ್ಲಿ ಓದಿದವಳು. ಕೆಳಗೆ ಬಿದ್ದ ಪೆನ್ಸಿಲ್ ಸಿಕ್ಕರೂ ಯಾರದೆಂದು ವಿಚಾರಿಸಿ ಹಿಂದಿರುಗಿಸಬೇಕೆಂದು ಕಲಿತವಳು. ಇಂಥ ನನ್ನನ್ನು ಒಬ್ಬರು ನಡುಬೀದಿಯಲ್ಲಿ ಕರೆಂಟು ಕದ್ದವಳು ಎಂದರು. ಎಲ್ಲಕ್ಕೂ ಮೂಲ ನಮ್ಮ ಗಾಡಿಯ ಪ್ಲಗ್ಗು. ಅದು ಬಂದಾಗಿನಿಂದ ಒಂದಿಲ್ಲೊಂದು ನಡೆಯುತ್ತಲೇ ಇತ್ತು. ಕ್ರಮವಾಗಿ ಹೇಳುತ್ತೇನೆ.

ಚಿಪ್ಪು

ಸಾವಿರದ ಒಂಬೈನೂರ ಎಪ್ಪತ್ತರ ಸುಮಾರಿಗೆ ನನ್ನ ಯಜಮಾನರು ಇಂಜಿನಿಯರ್ ಕೆಲಸದಿಂದ ನಿವೃತ್ತರಾದರು. ಹರಾಜಿನಲ್ಲಿ ಒಂದು ಹಳೆಯ ಆಂಬುಲೆನ್ಸ್ ತಂದು, ಒಳಗೆ ಎರಡು ಮಂಚ, ಒಂದು ದೀಪ, ಒಂದು ಫ್ಯಾನು ಕೂಡಿಸಿ ಮನೆಯಂತೆ ಮಾಡಿದರು. ಕುಂದಾಣದ ನಮ್ಮ ತೋಟದಲ್ಲಿ ನಾಲ್ಕು ದಿನ ಇರಲು ಅನುಕೂಲ. ಗಾಡಿಯ ಹೊರಮೈಗೆ ಒಂದು ಪ್ಲಗ್ಗಿನ ಪಾಯಿಂಟು. ಮನೆಯಿಂದಲೋ ಪಂಪ್‌ಹೌಸಿನಿಂದಲೋ ವೈರು ತಂದು ಸಿಕ್ಕಿಸಿದರೆ ಒಳಗೆ ದೀಪ, ಫ್ಯಾನು.

ಮೊದಲ ಮಳೆಗೇ ಪಾಯಿಂಟಿಗೆ ನೀರು ಹೋಯಿತು. ಬಾಗಿಲು ಮುಟ್ಟಿದ ನನಗೆ ಶಾಕ್ ಹೊಡೆಯಿತು. ಮಗ್ಗಗಳ ಮೋಟಾರು ರಿಪೇರಿ ಮಾಡುವ ಎಲೆಕ್ಟ್ರಿಷಿಯನ್ನನ್ನು ಕರೆಸಿ, ಪಾಯಿಂಟು ಬದಲಾಯಿಸಿ ಮೇಲೆ ಭದ್ರವಾದ ಮುಚ್ಚಳ ಹಾಕಲು ಹೇಳಿದೆ. ಸಂಜೆ ನೋಡಿದರೆ ಅರ್ಧ ತೆಂಗಿನ ಚಿಪ್ಪು!

"ಏನಪ್ಪಾ ಇದು?"

"ತಗಡು ಹಾಕಿದ್ರೆ ತುಕ್ಕು ಹಿಡಿಯುತ್ತೆ, ಕರೆಂಟೂ ಹಾಯುತ್ತೆ. ಚಿಪ್ಪಿಗೆ ಎರಡೂ ರೋಗ ಇಲ್ಲ ಕಣಮ್ಮಾ."

ತರ್ಕದಲ್ಲಿ ತಪ್ಪು ಸಿಗಲಿಲ್ಲ. ಆದರೆ ಜುಟ್ಟು ಬಿಟ್ಟ ಚಿಪ್ಪನ್ನು ನಮ್ಮ ಗಾಡಿಗೆ ಅಂಟಿಸುವುದು ನನಗೆ ಒಪ್ಪಿಗೆಯಿಲ್ಲ. ಎದುರಿಗೇ ಕೂರಿಸಿ, ನಾರು ಹೆರೆಸಿ, ಗಾಜಿನ ಚೂರಿನಿಂದ ಉಜ್ಜಿಸಿದೆ.

"ಅಮ್ಮಾ, ಇಷ್ಟು ನುಣ್ಣಗೆ ನಾನು ಗಡ್ಡಾನೂ ಹೆರ್ಕೊಂಡಿಲ್ಲ," ಎಂದ.

ಆಯುಧಪೂಜೆ

ಆಯುಧಪೂಜೆಯ ದಿನ ಅವನೇ ಬಂದು ಗಾಡಿ ತೊಳೆದು, ಬಾಳೆಕಂದು ಕಟ್ಟಿ, ಗಾಲಿಗೆ ನಿಂಬೆಹಣ್ಣಿಟ್ಟು ಹೋದ. ಮರುದಿನ ಫ್ಯಾನು ತಿರುಗಲಿಲ್ಲ. ಯಜಮಾನರು ಚಿಪ್ಪೆತ್ತಿ ನೋಡಿದರೆ, ಪಾಯಿಂಟಿನ ಮೂರು ತೂತುಗಳಲ್ಲೂ ಗಂಧ ಒಣಗಿ ಕಲ್ಲಾಗಿತ್ತು. ಮೇಲೆ ಕುಂಕುಮ.

ಕರೆಸಿ ಗದರಿದೆ. "ಗಂಧ ಹೊರಗೆ ಹಚ್ಚಬೇಕಲ್ಲವೇನಪ್ಪಾ?"

"ಕರೆಂಟು ಇರೋದು ಒಳಗಲ್ವಾಮ್ಮಾ? ಪೂಜೆ ದೇವರಿಗೋ, ಗುಡಿ ಗೋಡೆಗೋ?"

ನಡುಬೀದಿ

ಗಂಧ ತುಂಬಿದ ಪಾಯಿಂಟನ್ನು ತೆಗೆದು ಹೊಸದು ಹಾಕುವಾಗ, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಅವನೇ ಪಕ್ಕದಲ್ಲಿ ಎರಡನೆಯದನ್ನೂ ಕೂಡಿಸಿದ. ಅದಕ್ಕೂ ಒಂದು ಚಿಪ್ಪು. ಗಾಡಿ ನಿಲ್ಲುತ್ತಿದ್ದುದು ನಮ್ಮ ಮನೆಗೂ ಪಕ್ಕದ ನಿವೃತ್ತ ಹೆಡ್ ಕ್ಲಾರ್ಕರ ಮನೆಗೂ ನಡುವಿನ ಓಣಿಯಲ್ಲಿ.

ಒಂದು ಬೆಳಿಗ್ಗೆ ಹೊರಗೆ ಗದ್ದಲ. ಹೆಡ್ ಕ್ಲಾರ್ಕರು ಲೈನ್‌ಮನ್ನನ್ನು ಕರೆತಂದಿದ್ದರು. ಅರ್ಧ ಬೀದಿ ಸೇರಿತ್ತು.

"ನೋಡ್ರೀ, ನನ್ನ ಗೋಡೆಯಿಂದ ಇವರ ಗಾಡಿಗೆ ವೈರು! ದೊಡ್ಡ ಮನೆತನವಂತೆ, ದೊಡ್ಡ ಮನೆತನ! ಕದ್ದ ಕರೆಂಟಲ್ಲಿ ಗಾಳಿ ತಗೊಳ್ತಾರೆ!"

ವೈರು ಇದ್ದದ್ದು ನಿಜ. ಅವರ ಗೋಡೆಯ ತೂತಿನಿಂದ ಹೊರಟು, ಬೇಲಿಯ ಬುಡದಲ್ಲಿ ಹಾದು, ನಮ್ಮ ಎರಡನೆಯ ಚಿಪ್ಪಿನೊಳಗೆ ಹೋಗಿತ್ತು. ಅದನ್ನು ನಾನು ಕಂಡದ್ದೇ ಆಗ. ತಂದೆಯವರ ಜಗುಲಿಯ ಮೇಲೆ ನಿಂತು ಆ ಮಾತು ಕೇಳಬೇಕಾಯಿತು. ಎದುರುಮನೆಯಾಕೆ ಮುಖ ತಿರುಗಿಸಿದರು.

"ಕಿತ್ತು ನೋಡಪ್ಪಾ," ಎಂದೆ ಲೈನ್‌ಮನ್ನಿಗೆ. ಅಷ್ಟೇ ಹೇಳಿದ್ದು.

ಅವನು ಚಿಪ್ಪೆತ್ತಿ ಆ ವೈರನ್ನು ಎಳೆದ. ನಮ್ಮ ಮನೆಯ ವೈರು ಮೊದಲ ಪಾಯಿಂಟಿನಲ್ಲೇ ಇತ್ತು; ಗಾಡಿಯ ಫ್ಯಾನು ತಿರುಗುತ್ತಲೇ ಇತ್ತು. ಹೆಡ್ ಕ್ಲಾರ್ಕರ ಮನೆಯೊಳಗಿನಿಂದ ಅವರ ಹೆಂಡತಿ ಕೂಗಿದರು:

"ರೀ! ಹೊಸಾ ಫ್ಯಾನು ನಿಂತ್ಹೋಯ್ತು!"

ಬೀದಿಯೆಲ್ಲ ನಕ್ಕಿತು. ಜನರ ಹಿಂದಿನಿಂದ ಎಲೆಕ್ಟ್ರಿಷಿಯನ್ ತಲೆ ತುರಿಸುತ್ತ ಮುಂದೆ ಬಂದ.

"ಸ್ವಾಮಿ, ಹೋದ ವಾರ ನೀವೇ ತಾನೆ ಹೇಳಿದ್ದು, ರೂಮಿನ ಫ್ಯಾನಿಗೆ ಹತ್ತಿರ ಎಲ್ಲಿದೆಯೋ ಅಲ್ಲಿಂದ ವೈರು ಎಳಿ ಅಂತ? ಅಮ್ಮಾವ್ರ ಗಾಡೀನೇ ಹತ್ತಿರ ಇತ್ತು."

ಕೇಳದೆ ಕೆಲಸ ಮಾಡಿದ್ದಕ್ಕೆ ಅವನು ಅಲ್ಲೇ ನನ್ನ ಕ್ಷಮೆ ಕೇಳಿದ. ಎರಡು ಚಿಪ್ಪುಗಳನ್ನೂ ಇನ್ನೊಮ್ಮೆ ಉಜ್ಜಿಕೊಟ್ಟ. ಹೆಡ್ ಕ್ಲಾರ್ಕರು ಮಾತ್ರ, "ಸರಿ, ಯಾರ ಕರೆಂಟಾದರೇನು, ಗೊತ್ತಾಯ್ತಲ್ಲ," ಎಂದು ಒಳಗೆ ಹೋದರು. ಸಂಜೆ ಅವರ ಹೆಂಡತಿ ಒಂದು ಬಟ್ಟಲು ಕೋಸಂಬರಿ ಕಳಿಸಿದರು. ಬಟ್ಟಲು ತೊಳೆದು ಹಿಂದಿರುಗಿಸಿದ್ದೇನೆ. ಕೋಸಂಬರಿಗೆ ಉಪ್ಪು ಕಡಿಮೆಯಿತ್ತು. ಮತ್ತು ಕೋಸಂಬರಿ ಕ್ಷಮೆಯಲ್ಲ.

ಮಾತು ಆಡಿದ್ದು ನಡುಬೀದಿಯಲ್ಲಿ, ಬೆಳಕಿನಲ್ಲಿ, ಎಲ್ಲರ ಎದುರಿಗೆ. ಅದೇ ಜಾಗದಲ್ಲಿ, ಅದೇ ಜನರ ಎದುರಿಗೆ, ಹೆಡ್ ಕ್ಲಾರ್ಕರು ನನ್ನ ಕ್ಷಮೆ ಕೇಳಬೇಕು.