ಮಾರ್ಕಮ್ ಮಂದಿ ಪಾಸು ದಾಟಾಕ ಹೋಗಿದ್ದು

ನಮ್ಮ ಟೊರಾಂಟೊ ಮಂದಿ ಜೋಡಿ ಎಲ್ಲಿಗೇ ಹೋಗ್ರಿ, ನಗಾಕ ಬ್ಯಾರೆ ಏನೂ ಬೇಕಾಗೂದಿಲ್ಲ. ಪಿಕ್‌ನಿಕ್ಕಿಗೆ ಹೋದ್ರೂ ಒಂದು ಆಗ್ತೈತಿ, ಮಣ್ಣಿಗೆ ಹೋದ್ರೂ ಒಂದು ಆಗ್ತೈತಿ. ಇಂಥಾವರನ್ನ ಹಿಮಾಲಯಕ್ಕ ಕರ್ಕೊಂಡು ಹೋದ್ರ ಎಷ್ಟು ಆಗ್ತಾವು ಅನ್ನೂದು ಮಾತ್ರ ನನಗೂ ಮೊದಲು ಗೊತ್ತಿರ್ಲಿಲ್ಲ.

ಎರಡು ಸಾವಿರನೇ ಇಸವಿಗೆ ಕಂಪ್ಯೂಟರ್ ಕೆಡ್ತಾವು ಅಂತ ಎದ್ದ ವೈಟುಕೆ ಗದ್ದಲ ಮುಗಿದ ಹೊಸದ್ರಾಗಿನ ಮಾತು. ನಾನು ಹುಬ್ಬಳ್ಳ್ಯಾಂವ. ಮನಿ ರೆಕ್ಸ್‌ಡೇಲ್‌ದಾಗ, ಕೆಲಸ ಬೋಲ್ಟನ್‌ದಾಗ ಒಂದು ವೇರ್‌ಹೌಸಿನ್ಯಾಗ, ಟ್ರಕ್ಕಿಗೆ ಮಾಲು ಏರಿಸೂದು ಇಳಿಸೂದು. ನಮ್ಮ ಕನ್ನಡ ಸಂಘದ ಅಧ್ಯಕ್ಷರು ಬೆಂಗಳೂರವರು, ಟೊರಾಂಟೊ ಮಗ್ಗಲದ ಮಾರ್ಕಮ್‌ದಾಗ ಸಾಫ್ಟ್‌ವೇರ್ ಮ್ಯಾನೇಜರು. ಒಂದು ದಿನ ಮೀಟಿಂಗಿನ್ಯಾಗ ಎದ್ದು ನಿಂತು, "ಈ ಸಲ ರಾಜ್ಯೋತ್ಸವಕ್ಕೆ ಮುಂಚೆ ನಾವೆಲ್ಲ ಹಿಮಾಲಯದಲ್ಲಿ ಒಂದು ಪಾಸ್ ದಾಟಿ ಬರ್ತಿದೀವಿ" ಅಂದ್ರು. ಪಾಸು ಅಂದ್ರ ಎರಡು ಶಿಖರದ ನಡುವಿನ ಸಂದಿ. ಈ ಕಡೆಯಿಂದ ಹತ್ತೂದು, ಆ ಕಡೆ ಇಳಿಯೂದು.

ಬರೇ ಅಂದಿದ್ರ ನಡೀತಿತ್ತು. ಹೋಗೂಕಿಂತ ಮೊದಲ ಹಾಲ್ ಬುಕ್ ಮಾಡಿದ್ರು. "ಪಾಸ್ ದಾಟಿದ ವೀರರಿಗೆ ಸನ್ಮಾನ" ಅಂತ ಪೋಸ್ಟರ್ ಹೊಡಿಸಿ, ದೇಸಿ ಅಂಗಡಿಗೋಳ ಬಾಗಿಲಿಗೆಲ್ಲ ಹಚ್ಚಿಸಿಬಿಟ್ರು. ರಾಜ್ಯೋತ್ಸವ ಮುಗಿದ ಮರುವಾರ ಸಂಘದ ಎಲೆಕ್ಷನ್ನು. ದಾಟಲಿಲ್ಲಂದ್ರ ಮಾನನೂ ಹೋತು, ಕುರ್ಚಿನೂ ಹೋತು. ನನಗೂ ನನ್ನ ಹೆಂಡತಿಗೂ ಪಾಸು ದಾಟೂ ಆಶಾ ಖರೇನ ಇತ್ತು, ಸುಳ್ಳು ಯಾಕ ಹೇಳ್ಲಿ. ಅದಕ್ಕ ಇವರ ಬೆನ್ನು ಹತ್ತಿದ್ವಿ.

ಅಕ್ಕಿ ಮೂಟಿ

ಟ್ರೇನಿಂಗ್ ಶುರು ಆತು. ಎಲ್ಲಿ? ಮಾಲ್‌ನ್ಯಾಗ! ಹೊರಗ ಸ್ನೋ ಬಿದ್ದೈತಿ, ಜಾರತೈತಿ ಅಂತ. ಸ್ನೋದಾಗ ನಡಿಯಾಕ ಹೊಂಟವರು ಸ್ನೋಕ್ಕ ಹೆದರಿ ಹೀಟರ್ ಹಾಕಿದ ಮಾಲ್‌ನ್ಯಾಗ ತಿರುಗೂದು. ಅಂಗಡಿ ತೆಗಿಯೂಕಿಂತ ಮೊದಲು ಅಲ್ಲೆ ಮುದುಕರು ವಾಕಿಂಗ್ ಮಾಡ್ತಾರ. ಒಬ್ಬಾಕಿ ಚೀನಾ ಅಜ್ಜಿ ಕೈಯಾಗ ಕೋಲು ಹಿಡಕೊಂಡು ನಮ್ಮ ವೀರರನ್ನ ಮತ್ತ ಮತ್ತ ಹಿಂದ ಹಾಕಿ ಹೋದ್ಲು. ಪಾಪ, ಪ್ರತಿ ಸಲ "ಗುಡ್ ಮಾರ್ನಿಂಗ್" ಅಂತಿದ್ಲು.

ಬೆನ್ನಿಗೆ ಭಾರ ಬೇಕಲ್ಲ, ಅದಕ್ಕ ಎಲ್ಲಾರೂ ಬ್ಯಾಗಿನ್ಯಾಗ ಬಾಸುಮತಿ ಅಕ್ಕಿ ಮೂಟಿ ಇಟ್ಟಿದ್ರು. ಅಧ್ಯಕ್ಷರ ಮೂಟಿ ಎಲ್ಲೋ ಹರದಿತ್ತು. ಬ್ಯಾಗಿನ ಜಿಪ್ಪಿನ ಸಂದ್ಯಾಗಿಂದ ಅಕ್ಕಿ ಸುರಕೋತ, ಸುರಕೋತ, ಇಡೀ ಮಾಲಿಗೆ ರಂಗೋಲಿ ಹಾಕಿದಂಗಾತು. ಸೆಕ್ಯುರಿಟಿಯಂವ ಬಂದ. ನೆಲ ನೋಡಿದ, ನಮ್ಮನ್ನ ನೋಡಿದ. ಇಂಡಿಯಾದ ಮಂದಿ, ಅಕ್ಕಿ ಬ್ಯಾರೆ ಚೆಲ್ಲೈತಿ. ನಕ್ಕೋತ, "ಯಾರ ಮದುವಿ?" ಅಂತ ಇಂಗ್ಲಿಷಿನ್ಯಾಗ ಕೇಳಿದ.

ಅಧ್ಯಕ್ಷರಿಗೆ ಬೈಸ್ಕೊಳ್ಳೂದು ತಪ್ಪಿದ್ರ ಸಾಕಾಗಿತ್ತು. "ಮೈನ್" ಅಂದ್ರು. ಅವರ ಹೆಂಡ್ತಿ ಹಿಂದನ ನಿಂತಿದ್ರು, "ಕಂಗ್ರಾಜುಲೇಶನ್ಸ್ ರೀ" ಅಂದ್ರು.

ಪಾಟ್‌ಲಕ್

ನಮ್ಮ ಸಂಘದಾಗ ಪಾಟ್‌ಲಕ್ ಇಲ್ದ ಏನೂ ನಡಿಯೂದಿಲ್ಲ. ಟ್ರೆಕ್ಕಿಗೂ ಪಾಟ್‌ಲಕ್! "ಅಡುಗೆಯವನು ದಾಲ್ ರೋಟಿ ಕೊಡ್ತಾನಂತೆ, ಆದ್ರೆ ನಮ್ ಬಾಯಿಗೆ ರುಚಿ ಬೇಕಲ್ವಾ? ಒಂದೊಂದು ಫ್ಯಾಮಿಲಿ ಒಂದೊಂದು ಐಟಮ್ ತನ್ನಿ" ಅಂತ ಕಾರ್ಯದರ್ಶಿಯವರು ಈಮೇಲ್ ಕಳಿಸಿದ್ರು. ಈ ಕಾರ್ಯದರ್ಶಿಯವರು ಮೈಸೂರವರು, ಮಾತು ಬೆಣ್ಣಿ, ಕೆಲಸ ಸೊನ್ನಿ. ಯಾರು ಏನು ತರಬೇಕು ಅಂತ ಅವರು ಬರೀಲಿಲ್ಲ, ಯಾರೂ ಕೇಳಲಿಲ್ಲ.

ಗುಡ್ಡದ ಬುಡಕ್ಕ ಮುಟ್ಟಿದ್ವಿ. ಅಲ್ಲೆ ನಮ್ಮ ಗೈಡು ಕಾಯ್ಕೋತ ಕುಂತಿದ್ದ. ದಪ್ಪ ಮೀಸಿ, ಬಾಯಾಗ ಬೀಡಿ, ಮೂಗಿನ ತುದಿಗೆ ಸಿಟ್ಟು. ಮಾತು ಹಿಂದಿ, ನಾನು ನಮ್ಮ ಮಾತಿನ್ಯಾಗ ಹೇಳ್ತೇನಿ. ಹೇಸರಗತ್ತಿ ಮ್ಯಾಲೆ ಹೇರಾಕಂತ ನಮ್ಮ ಊಟದ ಚೀಲ ಎತ್ತಿ ನೋಡಿದ.

"ಇದ್ರಾಗ ಏನೈತಿ?"

"ಚಟ್ನಿಪುಡಿ."

"ಇದ್ರಾಗ?"

"ಚಟ್ನಿಪುಡಿ."

ಶೇಂಗಾದ್ದು, ಅಗಸಿದ್ದು, ಗುರೆಳ್ಳಿಂದು, ಕೊಬ್ಬರಿದು, ಕರಿಬೇವಿಂದು. ಎಲ್ಲಾರೂ, ಕೆಡೂದಿಲ್ಲ, ಭಾರಿಲ್ಲ, ಇದ ಛಲೋ ಅಂತ ಅದನ್ನ ತಂದಿದ್ರು. ನನ್ನ ಹೆಂಡತಿನೂ ಅದನ್ನ ತಂದಿದ್ಲು, ಆದ್ರ ಆಕಿದು ರುಚಿ ಇತ್ತು. ಗೈಡು ಕಡೀಕೆ, "ಇದನ್ನ ಹಚ್ಚಿಕೊಂಡು ತಿನ್ನಾಕ ಏನು ತಂದೀರಿ?" ಅಂತ ಕೇಳಿದ.

ಅಧ್ಯಕ್ಷರು ಅಂದ್ರು, "ಅದನ್ನ ಯಾರಾದ್ರೂ ತರ್ತಾರೆ ಅಂದ್ಕೊಂಡಿದ್ವಿ."

ಮೈನಸ್ ಮೂವತ್ತು

ಗೈಡು ಚಳಿ ಬಗ್ಗೆ ಹೇಳಾಕ ಬಾಯಿ ತೆಗೆದ. ಅಧ್ಯಕ್ಷರು ಕೈ ಅಡ್ಡ ಹಿಡಿದು, "ನಮಗೆ ಚಳಿ ಪಾಠ ಮಾಡ್ಬೇಡಿ. ನಾವು ಕೆನಡಾದವರು. ಮೈನಸ್ ಮೂವತ್ತು ನೋಡಿದೀವಿ" ಅಂದ್ರು.

ನೋಡ್ಯಾರ, ಖರೆ. ಕಿಡಕ್ಯಾಗಿಂದ ನೋಡ್ಯಾರ. ಮನ್ಯಾಗಿಂದ ಗ್ಯಾರೇಜಿಗೆ, ಗ್ಯಾರೇಜಿನ್ಯಾಗ ಮೊದಲ ಬೆಚ್ಚಗಾದ ಕಾರು, ಕಾರು ಹೋಗಿ ನಿಲ್ಲೂದು ಆಫೀಸಿನ ನೆಲಮಾಳಿಗ್ಯಾಗ. ಬೋಲ್ಟನ್‌ದಾಗ ಜನವರಿ ತಿಂಗಳು ಟ್ರಕ್ಕು ಹಚ್ಚೂ ಡಾಕಿನ ಬಾಗಿಲಾ ತಕ್ಕೊಂಡು ನಿಂದ್ರೂ ನಾನು ಸುಮ್ಮನ ಬಾಯಿ ಮುಚ್ಕೊಂಡು ಕುಂತಿದ್ದೆ, ಇವರು ಭಾಷಣ ಮಾಡ್ತಿದ್ರು! ಮ್ಯಾಲೆ ಇಂಡಿಯಾದಾಗ ಎಂಥಾ ಚಳಿ ಅಂತ ದೊಡ್ಡ ಜಾಕೆಟ್ಟು ಮಾರ್ಕಮ್‌ದಾಗ ಬಿಟ್ಟು, ಚಡ್ಡಿ ತಂದಿದ್ರು.

ಸೂರ್ಯ ಗುಡ್ಡದ ಹಿಂದ ಸರಿದ್ನೋ ಇಲ್ಲೋ, ಬಕೆಟ್ಟಿನ ನೀರಿನ ಮ್ಯಾಲೆ ಕೆನಿ ಕಟ್ಟಿದಂಗ ಐಸು ಕಟ್ಟಿತು. ಅಧ್ಯಕ್ಷರು ಟೆಂಟಿನ್ಯಾಗಿಂದ ಹೊರಗ ಬಂದ್ರು. ಹೆಂಡ್ತಿ ಸ್ವೆಟರು, ಅದರ ಮ್ಯಾಲೆ ಹೆಂಡ್ತಿ ಶಾಲು, ತಲಿಗೆ ಟವೆಲ್ಲು, ಎರಡೂ ಕೈಗೆ ಕಾಲುಚೀಲ. ಗೈಡು ಬರೇ ಒಂದ ಸ್ವೆಟರು ಹಾಕ್ಕೊಂಡು ಬೀಡಿ ಸೇದಿಕೋತ ಕುಂತಿದ್ದ. ಇವರನ್ನ ಮ್ಯಾಲಿಂದ ಕೆಳತನ ನೋಡಿದ.

"ಸಾಬ್, ಈ ಕೆನಡಾ ಅನ್ನೂದು ಕೇರಳದ ಕಡೆ ಬರ್ತೈತೇನು?"

ಖರೇ ಟೈಮು

ಪಾಸು ದಾಟೂ ದಿನ. ಗೈಡು ಹಿಂದಿನ ದಿನನ ಬಡಕೊಂಡು ಹೇಳಿದ್ದ. "ಮಧ್ಯಾಹ್ನಕ್ಕ ಮೋಡ ಬರ್ತಾವು. ನಸುಕಿನ್ಯಾಗ ನಾಕಕ್ಕ ಹೊಂಡಬೇಕು." ಎಲ್ಲಾರೂ ಗೋಣು ಹಾಕಿದ್ರು.

ಮರುದಿನ ನಾನು, ನನ್ನ ಹೆಂಡತಿ ನಾಕಕ್ಕ ಬೂಟು ಕಟ್ಟಿಕೊಂಡು ನಿಂತ್ವಿ. ವೇರ್‌ಹೌಸಿನ ಶಿಫ್ಟು ಮಾಡಿದವರಿಗೆ ನಾಕು ಅಂದ್ರ ನಾಕು. ಉಳಿದ ಟೆಂಟಿನ್ಯಾಗ ಗೊರಕಿ. ಅವರೆಲ್ಲಾ ಹಲ್ಲು ತಿಕ್ಕಿ, ಕಾಫಿ ಹುಡುಕಿ, ಹೊರಗ ಬಂದಾಗ ಬಿಸಿಲು ಬಿದ್ದಿತ್ತು. ಗೈಡಿನ ಮೀಸಿ ನಡಗಾಕತ್ತಿತ್ತು. ಅಧ್ಯಕ್ಷರಿಗೆ ಅವನ ಸಿಟ್ಟು ತಿಳಿಲೇ ಇಲ್ಲ. ನಮ್ಮ ಸಂಘದಾಗ ಐದಕ್ಕ ಕಾರ್ಯಕ್ರಮ ಅಂತ ಕಾರ್ಡಿನ್ಯಾಗ ಹಾಕಿದ್ರ ಮಂದಿ ಏಳಕ್ಕ ಬರ್ತಾರ. ಏಳಕ್ಕ ಬರಲಿ ಅಂತನ ಐದು ಹಾಕಿರ್ತೇವಿ. ಇದು ಲೋಕಕ್ಕೆಲ್ಲ ಗೊತ್ತೈತಿ ಅಂತ ಅವರು ತಿಳಕೊಂಡಿದ್ರು.

ಉಲ್ಟಾ ಗೈಡಿಗೇ ಬೈದ್ರು, "ನೀವು ನಾಲ್ಕು ಅಂತ ಹೇಳಿದ್ರಿ, ಸರಿ. ನಿಜವಾದ ಟೈಮ್ ಎಷ್ಟು ಅಂತ ಹೇಳ್ಬೇಕಿತ್ತಲ್ವಾ?"

ವೇದಿಕೆ ಮ್ಯಾಲೆ

ಏದುಸಿರು ಬಿಟ್ಟುಕೋತ ಹತ್ತಿದ್ವಿ. ಹತ್ತಿ ಹತ್ತಿ ಒಂದು ಸಪಾಟು ಜಾಗಕ್ಕ ಬಂದ್ವಿ. ಅಲ್ಲಿಂದ ಪಾಸು ಕೈಗೆ ಸಿಗೂವಂಗ ಕಾಣತಿತ್ತು. ನನ್ನ ಎದಿ ಹಿಗ್ಗಿತು. ಗೈಡು, "ಅರ್ಧ ತಾಸು ಅಷ್ಟ. ನಿಂದ್ರಬ್ಯಾಡ್ರಿ, ಮೋಡ ಏಳಾಕತ್ತಾವು" ಅಂದ.

ಅಧ್ಯಕ್ಷರು ನಿಂತ್ರು. ಬ್ಯಾಗ್ ಇಳಿಸಿ ಬ್ಯಾನರ್ ತೆಗೆದ್ರು. "ಕಾರ್ಯಕ್ರಮ ಇಲ್ಲೇ ಮಾಡೋಣ" ಅಂದ್ರು.

ನಾನು, "ಅಲ್ರೀ ಸರ, ಮ್ಯಾಲೆ ಹೋಗಿ ಮಾಡೂಣು, ಪಾಸಿನ ಮ್ಯಾಲೆ" ಅಂದೆ.

"ನೀವು ಯೋಚನೆ ಮಾಡಿ ಮಾತಾಡಿ. ಫೋಟೋದಲ್ಲಿ ಹಿಂದೆ ಪಾಸ್ ಕಾಣ್ಬೇಕು. ಪಾಸ್ ಮೇಲೆ ನಿಂತ್ರೆ ಪಾಸ್ ಹೇಗ್ರೀ ಕಾಣುತ್ತೆ?"

ಶುರು ಆತು. ಪ್ರಾರ್ಥನಿ ಹಾಡಾಕ ನಿಂತವರು ಒಂದು ಸಾಲಿಗೇ ಉಸಿರು ಕಟ್ಟಿ ಎದಿ ಹಿಡಕೊಂಡು ಕುಂತ್ರು. ಹಿತ್ತಾಳಿ ದೀಪ ತಂದಿದ್ರು, ಗಾಳಿಗೆ ಹತ್ತಲಿಲ್ಲ. ಕಡ್ಡಿಪೆಟಗಿ ಖಾಲಿ ಆದ ಮ್ಯಾಲೆ, "ಬೆಳಗಿದಂತೆ ಭಾವಿಸಿ" ಅಂತ ಚಪ್ಪಾಳಿ ಹೊಡಿಸಿದ್ರು. ಆಮ್ಯಾಲೆ ಅಧ್ಯಕ್ಷರ ಭಾಷಣ. "ವೇದಿಕೆಯ ಮೇಲಿರುವ ಗಣ್ಯರೇ!" ನಾವೆಲ್ಲಾರೂ ಬ್ಯಾನರ್ ಹಿಡಕೊಂಡು ವೇದಿಕೆ ಮ್ಯಾಲೆನ ಇದ್ವಿ. ಎದುರಿಗೆ ಎರಡು ಹೇಸರಗತ್ತಿ ನಿಂತಿದ್ವು, ಅವನ್ನ ನೋಡಿಕೋತ, "ಸಭಿಕರೇ" ಅಂದ್ರು.

ಗೈಡು ಒದರಿದ, "ಮೋಡ!" ನನ್ನ ಹೆಂಡತಿ, "ಸಾಕು ಮಾಡ್ರಿ, ನಡೀರಿ" ಅಂದ್ಲು. ಕಾರ್ಯದರ್ಶಿಯವರು, "ವಂದನಾರ್ಪಣೆ ಒಂದಿದೆ ಮೇಡಮ್" ಅಂತ ಮಾರ್ಕಮ್‌ದಾಗ ಪ್ರಿಂಟ್ ಮಾಡಿದ ಹಾಳಿ ಬಿಚ್ಚಿದ್ರು. ಒಂದು ಹೆಸರು ಬಿಟ್ರ ಒಂದು ವೋಟು ಹೋತಲ್ಲ, ಅದಕ್ಕ ಯಾರನ್ನೂ ಬಿಟ್ಟಿರ್ಲಿಲ್ಲ. ಅಕ್ಕಿ ಅಂಗಡಿಯವರಿಗೆ, ಮೀಟಿಂಗಿಗೆ ಬೇಸ್‌ಮೆಂಟು ಕೊಟ್ಟವರಿಗೆ, ಏರ್‌ಪೋರ್ಟಿಗೆ ವ್ಯಾನ್ ತಂದವರಿಗೆ, ಅವರ ಮನಿಯವರಿಗೆ. "ಇಂದು ನಮ್ಮೊಂದಿಗೆ ಸಹಕರಿಸಿದ ಹವಾಮಾನಕ್ಕೂ" ಅನ್ನೂವಾಗ ಹಾಳಿ ಮ್ಯಾಲೆ ಸ್ನೋ ಬಿತ್ತು. ಅದನ್ನ ಬೆರಳಿನಿಂದ ಜಾಡಿಸಿ ಮುಂದ ಓದಿದ್ರು. ಗೈಡಿನ ಕಡೆ ತಿರುಗಿ ಕೈನೂ ಮುಗಿದ್ರು.

ಓದಿ ಮುಗಿಯೂದ್ರಾಗ ಪಾಸು ಕಾಣಲಾರದಂಗಾತು. ಎಲ್ಲಾ ಬೆಳ್ಳಗ. ಗೈಡು, "ಬಂದ್. ಇಳೀರಿ" ಅಂದ. ಅಧ್ಯಕ್ಷರು ಕೈಜೋಡಿಸಿ, "ಅರ್ಧ ಗಂಟೆ ಅಂದ್ರಲ್ಲ, ಹೇಗಾದ್ರೂ ಮಾಡಿ" ಅಂತ ಅಳೂದು ಒಂದು ಬಾಕಿ. ಗೈಡು ಅವರ ಬ್ಯಾಗು ಎತ್ತಿ ಹೇಸರಗತ್ತಿ ಮ್ಯಾಲೆ ಹಾಕಿ, ಅದರ ಮಾರಿ ಕೆಳಮುಖ ತಿರುಗಿಸಿದ. ಅಷ್ಟು ದೂರ ಬಂದು, ಒಂದು ವಂದನಾರ್ಪಣಿ ಸಲುವಾಗಿ!

ಸಂಜಿಗೆ ಊಟದ ಟೆಂಟಿನ್ಯಾಗ ಎಲ್ಲಾರೂ ಚಹಾ ಕುಡೀತಿದ್ವಿ. ಗೈಡು ನನ್ನ ಕೇಳಿದ, "ಕಡೀಕೆ ಓದಿದಾಂವ ನನಗ ಕೈ ಮುಗದ್ನಲ್ಲ, ಏನಂದ?"

ನಾನು ಇದ್ದದ್ದು ಇದ್ದಂಗ ಹಿಂದ್ಯಾಗ ಹೇಳಿದೆ. "ನಮ್ಮನ್ನೆಲ್ಲ ಸುರಕ್ಷಿತವಾಗಿ ಪಾಸ್ ದಾಟಿಸಿದ ಗೈಡ್ ಮಹಾಶಯರಿಗೆ ಹೃತ್ಪೂರ್ವಕ ವಂದನೆಗಳು."

ಗೈಡು ಚಹಾದ ಗ್ಲಾಸು ಕೆಳಗ ಇಟ್ಟ. "ಮಾಡಲಾರದ ಕೆಲಸಕ್ಕ ನನಗ ಥ್ಯಾಂಕ್ಸ್ ಬ್ಯಾಡ. ವಾಪಸ್ ತೊಗೋ ಅನ್ರಿ ಅವಗ."

ಕಾರ್ಯದರ್ಶಿಯವರಿಗೆ ಭಾಳ ನಾಚಿಕಿ ಆತು. ಕಿಸೆದಾಗಿಂದ ಒದ್ದಿ ಹಾಳಿ ತೆಗೆದು, ಪೆನ್ನು ಹುಡುಕಿ, ಆ ಸಾಲು ಹೊಡೆದು ಹಾಕಾಕ ಹೋದ್ರು. ಅಲ್ಲಿತನ ಮೂಲ್ಯಾಗ ತಲಿ ಹಿಡಕೊಂಡು ಕುಂತಿದ್ದ ಅಧ್ಯಕ್ಷರು ಧಡಕ್ಕನ ಎದ್ದು ಅವರ ಕೈ ಹಿಡದ್ರು.

"ಹೊಡೀಬೇಡ್ರೀ! ರಾಜ್ಯೋತ್ಸವದಲ್ಲಿ ಅದನ್ನೇ ಓದ್ಬೇಕು."