ಗೋಡೆಗೆ ಕೆನ್ನೆ ಒತ್ತಿದ ಮಾವ

ನಮ್ಮ ಸೋದರಮಾವನ ಎದುರು ‘ಒದ್ದೆ’ ಎಂಬ ಮಾತನ್ನು ಯೋಚಿಸದೆ ಆಡಿದವರು ಯಾರೂ ಸುಮ್ಮನೆ ಪಾರಾಗಿಲ್ಲ! ಬಟ್ಟೆ ಒದ್ದೆಯಾಗಬಹುದು, ತಲೆ ಒದ್ದೆಯಾಗಬಹುದು. ನೆಲ ಒದ್ದೆ ಎಂದಿರೋ, ಮುಗಿಯಿತು. ನೆಲಕ್ಕೆ ತೇವ, ಗೋಡೆಗೆ ಹಸಿ. ಮಧುಗಿರಿಯಲ್ಲಿ ಕನ್ನಡ ಮೇಷ್ಟ್ರಾದ ನಾನು ‘ತೇವ ಎಂದರೆ ಒದ್ದೆ’ ಎಂದು ಮಕ್ಕಳಿಗೆ ನೋಟ್ಸು ಬರೆಸಿದ್ದನ್ನು ನೋಡಿ, “ಒದ್ದೆ ಹಿಂಡಿದ್ರೆ ಹೋಯ್ತದೆ. ತೇವ ಹಿಂಡಾಕಾಯ್ತದೇನ್ಲಾ?” ಎಂದಿದ್ದ.

ಅವನು ಬಾಯಿಮಾತು ನಂಬುವವನಲ್ಲ, ಮುಟ್ಟಿಯೇ ನೋಡಬೇಕು. ಮಳೆ ಬಂದ ಮರುದಿನ ತನ್ನೂರು ಮಿಡಿಗೇಶಿಯಲ್ಲಿ ಯಾರ ಹೊಲವಾದರೂ ಸರಿ, ಇಳಿದು ಒಂದು ಹಿಡಿ ಮಣ್ಣು ಉಂಡೆ ಕಟ್ಟಿ ಕೆಳಗೆ ಬಿಡುತ್ತಾನೆ. ಉಂಡೆ ಹಾಗೇ ಕೂತರೆ ತೇವ ಹೆಚ್ಚು. ನಾಲ್ಕು ಹೋಳಾದರೆ ಕಡಲೆಕಾಯಿ ಬಿತ್ತಬಹುದು. ಅವನು ಹೇಳುವ ತನಕ ಊರವರು ಬೀಜ ಮುಟ್ಟುವುದಿಲ್ಲ. ಆದರೆ ಆ ಕೈ ಹೊಲದಲ್ಲೇ ನಿಲ್ಲಬೇಕಲ್ಲ? ನಮ್ಮ ಪಕ್ಕದ ಮನೆಯಾಕೆ ತಂತಿಗೆ ಹಾಕಿದ್ದ ಸೀರೆ ಸವರಿ, ಇನ್ನೂ ಒದ್ದೆ ಇದೆಯೆಂದು ಕೂಗಿ ಹೇಳಿದಾಗ ಆಕೆ ಪೊರಕೆ ಹಿಡಿದೇ ಹೊರಗೆ ಬಂದಳು. ಸಮಾಧಾನ ಮಾಡಬೇಕಾದವನು ನಾನು.

ಇನ್ನು ಹೇಳಲು ನಾಚಿಕೆಯಾಗುವ ಸಂಗತಿ. ನಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ ಹೆಡ್‌ಮಾಸ್ಟರು ಬಂದು ಕೂತಿದ್ದರು. ಮಾವ ಹೋಗಿ ಗೋಡೆಗೆ ಅಂಗೈ ಒತ್ತಿದ, ಸಾಲದೆಂದು ಕೆನ್ನೆಯನ್ನೂ ಒತ್ತಿ, ಒಳಗಿನ್ನೂ ಹಸಿ ಇದೆ ಎಂದು ಸಾರಿದ. ಜನ ನಕ್ಕರು. ಯಾರು ಇವರೆಂದು ಹೆಡ್‌ಮಾಸ್ಟರು ಕೇಳಿದರು.

“ಗಾರೆ ಮೇಸ್ತ್ರಿ,” ಎಂದುಬಿಟ್ಟೆ.

ಎಂಥ ಬಾಯಿ ನನ್ನದು! ಹೆಗಲ ಮೇಲೆ ಹೊತ್ತು ಬಡವನಹಳ್ಳಿ ಸಂತೆ ತೋರಿಸಿದ ಮಾವ ನನ್ನ ಮುಖವನ್ನೊಮ್ಮೆ ನೋಡಿದ. ಆಮೇಲೆ ಹೆಡ್‌ಮಾಸ್ಟರ ಕಡೆ ತಿರುಗಿ, “ಹೌದು ಸ್ವಾಮಿ. ಬಣ್ಣಕ್ಕೆ ಇನ್ನೊಂದು ತಿಂಗ್ಳು ಬುಡಿ ಅಂದೆ, ಮೇಷ್ಟ್ರು ಕೇಳ್ನಿಲ್ಲ,” ಎಂದ. ಹುಟ್ಟಿದಾಗಿನಿಂದ ‘ಲೇ’ ಆಗಿದ್ದವನು ನಿಂತ ನಿಲುವಿನಲ್ಲಿ ‘ಮೇಷ್ಟ್ರು’ ಆಗಿಬಿಟ್ಟೆ. ಮಾತು ತಿದ್ದಿಕೊಳ್ಳುವ ಧೈರ್ಯ ಬರಲಿಲ್ಲ. ಊಟದ ಗಲಾಟೆ ಮುಗಿಯುವಷ್ಟರಲ್ಲಿ ಅವನು ಊರಿನ ಬಸ್ ಹತ್ತಿಯಾಗಿತ್ತು.

ಮಳೆಗಾಲ ಶುರುವಾದದ್ದೇ ತಡ, ಅವನು ಕೆನ್ನೆ ಒತ್ತಿದ ಜಾಗದಲ್ಲೇ ಬಣ್ಣ ಹಪ್ಪಳದ ಹಾಗೆ ಎದ್ದಿತು. ದಿನಾ ಅದನ್ನು ನೋಡಲಾರದೆ ಫೋನ್ ಮಾಡಿದೆ. ತಪ್ಪಾಯ್ತು ಅನ್ನಬೇಕೆಂದಿದ್ದವನು, ಗೋಡೆ ಹಸಿ ಇದೆ, ಬಾ ಎಂದೆ, ಅಷ್ಟೇ.

“ಮೇಸ್ತ್ರಿ ಬರ್ಬೇಕೋ, ಮಾವ ಬರ್ಬೇಕೋ?”

“ಮಾವ,” ಎಂದೆ.

“ಹಂಗಾದ್ರೆ ನಾಳೆ ಮುದ್ದೆ ಮಾಡ್ಸು ಕಣ್ಲಾ. ಅವತ್ತು ಉಣ್ಣದೇನೇ ಬಂದ್ಬುಟ್ಟೆ.”